ಬಿಸಿಲ ನಾಡಿನಲ್ಲಿ ಮೊಟ್ಟೆಯ ಹಾದಿ ಹಿಡಿದು

ಹೊಸಪೇಟೆ ದಾಟಿ ಬಳ್ಳಾರಿ ರಸ್ತೆ ಹಿಡಿದರೆ ಒಂದು ಮಗ್ಗುಲಲ್ಲಿ ಸಂಡೂರಿನ ಗುಡ್ಡಸಾಲು ಜೊತೆಗೇ ಬರುತ್ತದೆ. ಅದಿರಿನ ಲಾರಿಗಳು ಎಬ್ಬಿಸಿದ ಕೆಂಪು ಧೂಳು ಬೇಲಿಯ ಜಾಲಿಗಿಡಗಳ ಮೇಲೆಲ್ಲ ಕೂತಿರುತ್ತದೆ. ಡಾಂಬರು ಬಿಟ್ಟು ಕಚ್ಚಾ ದಾರಿಯಲ್ಲಿ ಸ್ವಲ್ಪ ಒಳಗೆ ಹೋದರೆ ಎತ್ತರದ ಕಂಬಗಳ ಮೇಲೆ ಕಟ್ಟಿದ, ಸುತ್ತಲೂ ಜಾಲರಿ ಹೊಡೆದ ಉದ್ದುದ್ದ ಶೆಡ್ಡುಗಳು. ಹಂಪಿ ನೋಡಲು ಬಂದವರ ಕಣ್ಣಿಗೆ ಬೀಳದ ಹೊಸಪೇಟೆ ಇದು. ದೇಶದ ಸಗಟು ಮೊಟ್ಟೆ ದರವನ್ನು ದಿನವೂ ಪ್ರಕಟಿಸುವ ಎನ್‌ಇಸಿಸಿ ಪಟ್ಟಿಯಲ್ಲಿ ನಾಮಕ್ಕಲ್, ಹೈದರಾಬಾದ್, ಪುಣೆಗಳ ಜೊತೆ ಕರ್ನಾಟಕದ ಮೂರು ಊರುಗಳ ಹೆಸರುಗಳಿರುತ್ತವೆ: ಬೆಂಗಳೂರು, ಮೈಸೂರು, ಹೊಸಪೇಟೆ. ಬೆಂಗಳೂರು ತಿನ್ನುವವರ ಊರು. ಹೊಸಪೇಟೆ ಮೊಟ್ಟೆ ಬೆಳೆಯುವವರ ಊರು. ಕೋಳಿಯ ಮೇವಿನಲ್ಲಿ ದೊಡ್ಡ ಪಾಲು ಮೆಕ್ಕೆಜೋಳದ್ದು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಮೆಕ್ಕೆಜೋಳದ ಹೊಲಗಳು ಇಲ್ಲಿಗೆ ದೂರವೇನಲ್ಲ.

ನಾನು ಹೋದದ್ದು ಬೇಸಿಗೆಯಲ್ಲಿ, ಬೇಕೆಂದೇ. ನೆರಳಿನಲ್ಲೇ ತಾಪಮಾನ 40 ಡಿಗ್ರಿ ಮುಟ್ಟುವ ಸೀಮೆಯಲ್ಲಿ ಮೊಟ್ಟೆ ಎಷ್ಟು ಹೊತ್ತು ತಾಜಾ ಇರುತ್ತದೆ, ಎಲ್ಲಿ ಕೆಡಲು ಶುರುವಾಗುತ್ತದೆ, ಅದನ್ನು ಕೆಡಿಸುವವರು ಯಾರು ಎಂಬುದನ್ನು ಫಾರಂನಿಂದ ಅಡುಗೆಮನೆಯವರೆಗೆ ಹಿಂಬಾಲಿಸಿ ನೋಡಬೇಕಿತ್ತು.

ಶೆಡ್ಡಿನೊಳಗೆ ಕಾಲಿಟ್ಟರೆ ಮೊದಲು ಕಿವಿ ತುಂಬುವುದು ಕೋಳಿಗಳ ಸದ್ದು. ಎಲ್ಲವೂ ಬಿಳಿ ಲೆಗಾರ್ನ್ ವಂಶದ ಲೇಯರ್ ಕೋಳಿಗಳು. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕೇಜುಗಳ ತಳ ಮುಂದಕ್ಕೆ ಇಳಿಜಾರು. ಇಟ್ಟ ಮೊಟ್ಟೆ ತಾನಾಗಿ ಉರುಳಿ ಹೊರಗಿನ ತಂತಿಯ ಅಂಚಿಗೆ ಬಂದು ನಿಲ್ಲುತ್ತದೆ. ಹುಂಜ ಒಂದೂ ಇಲ್ಲ. ಹೀಗಾಗಿ ಇಲ್ಲಿಯ ಮೊಟ್ಟೆಯಲ್ಲಿ ಮರಿಯಾಗುವ ಜೀವಾಂಕುರವಿಲ್ಲ. ಕೆಡುವ ವಿಷಯದಲ್ಲಿ ಇದು ಎಷ್ಟು ದೊಡ್ಡ ಅನುಕೂಲ ಎಂಬುದು ಮುಂದೆ ಪೇಟೆಯಲ್ಲಿ ಗೊತ್ತಾಯಿತು.

ಮಧ್ಯಾಹ್ನ ಸಮೀಪಿಸುತ್ತಿದ್ದಂತೆ ಕೋಳಿಗಳೆಲ್ಲ ಕೊಕ್ಕು ತೆರೆದು ಏದುಸಿರು ಬಿಡತೊಡಗಿದವು. ಕೋಳಿಗೆ ಬೆವರು ಬರುವುದಿಲ್ಲ, ಅದು ಮೈ ತಣಿಸಿಕೊಳ್ಳುವುದೇ ಹೀಗೆ. ಆದರೆ ಏದುಸಿರಿನ ಜೊತೆ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟು ಬರಬೇಕಾದದ್ದು ಅಲ್ಲಿಂದಲೇ. ಹಾಗಾಗಿ ಬೇಸಿಗೆಯ ಮೊಟ್ಟೆಯ ಚಿಪ್ಪು ತೆಳು. ಕೋಳಿಗೆ ವಯಸ್ಸಾದಂತೆಯೂ ಚಿಪ್ಪು ತೆಳ್ಳಗಾಗುತ್ತದೆ, ಮೊಟ್ಟೆ ದೊಡ್ಡದಾಗುತ್ತ ಹೋದರೂ ಕೋಳಿ ಸುರಿಯುವ ಸುಣ್ಣ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ. ಮೊಟ್ಟೆ ರೂಪುಗೊಳ್ಳಲು ಹಿಡಿಯುವ ಸುಮಾರು 24ರಿಂದ 26 ಗಂಟೆಗಳಲ್ಲಿ 20 ಗಂಟೆ ಚಿಪ್ಪಿನ ಕೆಲಸಕ್ಕೇ ಹೋಗುತ್ತದೆ, ಅದರಲ್ಲಿ ಬಹುಪಾಲು ರಾತ್ರಿ ಹೊತ್ತು. ಸಂಜೆಯ ಮೇವಿಗೆ ದಪ್ಪ ಹರಳಿನ ಕಪ್ಪೆಚಿಪ್ಪಿನ ಚೂರು ಬೆರೆಸುವುದು ಇದಕ್ಕೇ. ಅದು ಹೊಟ್ಟೆಯಲ್ಲಿ ನಿಧಾನಕ್ಕೆ ಕರಗಿ ರಾತ್ರಿಯಿಡೀ ಸುಣ್ಣ ಒದಗಿಸುತ್ತದೆ. ಮೊಟ್ಟೆ ಬಾಳುವುದೋ ಕೆಡುವುದೋ ಎಂಬುದು ಅದು ಹೊರಬರುವ ಮೊದಲೇ, ಕೋಳಿಯ ಒಂದು ರಾತ್ರಿಯಲ್ಲಿ, ಅರ್ಧ ತೀರ್ಮಾನವಾಗಿರುತ್ತದೆ.

ಆಗಷ್ಟೇ ಉರುಳಿ ಬಂದ ಒಂದನ್ನು ಕೈಗೆತ್ತಿಕೊಂಡೆ. ಬೆಚ್ಚಗಿತ್ತು, ಮೇಲ್ಮೈ ಒದ್ದೆಯಾಗಿ ಹೊಳೆಯುತ್ತಿತ್ತು. ನೋಡನೋಡುತ್ತಲೇ ಆ ಹೊಳಪು ಆರಿತು. ಆರಿ ಉಳಿಯುವ ಆ ತೆಳುಪೊರೆಯೇ ಮೊಟ್ಟೆಯ ಮೊದಲ ಕಾವಲು. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿರುತ್ತವೆ, 7,000ದಿಂದ 17,000ದವರೆಗೆ ಎಂದು ಲೆಕ್ಕ. ಮರಿ ಉಸಿರಾಡಲಿ ಎಂದು ಪ್ರಕೃತಿ ಇಟ್ಟ ಕಿಂಡಿಗಳವು. ಅವುಗಳ ಬಾಯಿ ಮುಚ್ಚುವುದು ಈ ಪೊರೆ. ಕೋಳಿಯ ಮೈಶಾಖ 41 ಡಿಗ್ರಿಯ ಆಸುಪಾಸು. ಹೊರಬಂದ ಮೊಟ್ಟೆ ತಣಿಯುವಾಗ ಒಳಗಿನ ದ್ರವ ಕುಗ್ಗಿ, ಅಗಲ ತುದಿಯಲ್ಲಿ ಎರಡು ಒಳಪೊರೆಗಳ ನಡುವೆ ಗಾಳಿ ಸೇರುತ್ತದೆ. ಬೆಂದ ಮೊಟ್ಟೆಯ ಒಂದು ತುದಿಯಲ್ಲಿ ಕಾಣುವ ತಗ್ಗು ಇದೇ. ಮುಂದೆ ಮೊಟ್ಟೆಯ ವಯಸ್ಸನ್ನು ಹೇಳುವುದೂ ಇದೇ ಗಾಳಿಗೂಡು.

ಟ್ರೇಗೆ ಮೊಟ್ಟೆ ತುಂಬುತ್ತಿದ್ದ ಹೆಂಗಸು ಹಿಕ್ಕೆ ಅಂಟಿದ ಕೆಲವನ್ನು ಬೇರೆ ಇಡುತ್ತಿದ್ದರು. “ಇವನ್ನ ತೊಳೆಯಲ್ವಾ ಅಕ್ಕಾ?” ಎಂದೆ. “ತೊಳೆದ್ರೆ ತತ್ತಿ ಬಾಳಲ್ಲ ಸರ್, ಒಣ ಬಟ್ಟೇಲಿ ಒರೆಸೋದು ಅಷ್ಟೇ” ಎಂದರು. ಅವರು ಹೇಳಿದ್ದು ವಿಜ್ಞಾನದ ಮಾತು. ನೀರು ತಾಗಿದರೆ ಮೇಲಿನ ಪೊರೆ ಹೋಗುತ್ತದೆ, ನೀರಿನ ಜೊತೆಯಲ್ಲೇ ಸೂಕ್ಷ್ಮಜೀವಿಗಳು ಕಿಂಡಿಗಳೊಳಕ್ಕೆ ಇಳಿಯುತ್ತವೆ. ತಣ್ಣೀರಾದರೆ ಇನ್ನೂ ಕೆಟ್ಟದ್ದು: ಒಳಗಿನದು ಕುಗ್ಗಿ ಹೊರಗಿನ ಕೊಳೆನೀರನ್ನು ಎಳೆದುಕೊಳ್ಳುತ್ತದೆ. ಯುರೋಪಿನಲ್ಲಿ ಮೊದಲ ದರ್ಜೆಯ ಮೊಟ್ಟೆಯನ್ನು ತೊಳೆಯುವಂತಿಲ್ಲ. ಅಮೆರಿಕದಲ್ಲಿ ಬಿಸಿನೀರಿನಲ್ಲಿ ತೊಳೆದೇ ಮಾರುತ್ತಾರೆ, ಆದರೆ ಅಲ್ಲಿಂದಾಚೆಗೆ ಅಂಗಡಿಯವರೆಗೂ ತಂಪು ತಪ್ಪುವಂತಿಲ್ಲ. ಎರಡೂ ಸರಿಯಾದ ದಾರಿಗಳೇ. ತೊಳೆದು ಬಿಸಿಲಲ್ಲಿಡುವುದು ಮಾತ್ರ ಯಾವ ದಾರಿಯೂ ಅಲ್ಲ.

ಪಕ್ಕದ ದಾಸ್ತಾನು ಕೋಣೆ ದಪ್ಪ ಗೋಡೆಯದು, ಕಿಟಕಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟಿದ್ದರು. 30ರ ಟ್ರೇಗಳು ಒಂದರ ಮೇಲೊಂದು, ಪ್ರತಿ ಮೊಟ್ಟೆಯೂ ಚೂಪು ತುದಿ ಕೆಳಗಾಗಿ. ಹೀಗಿಟ್ಟರೆ ಗಾಳಿಗೂಡು ಮೇಲೇ ಉಳಿದು ಹಳದಿ ಭಾಗವನ್ನು ಕದಲಿಸುವುದಿಲ್ಲ. ಅಲ್ಲೇ ಮೇಜಿನ ಮೇಲಿದ್ದ ಗಾಜಿನ ಹಲಗೆಯಲ್ಲಿ ಫಾರಂನ ಮೇಲ್ವಿಚಾರಕರು ಎರಡು ಮೊಟ್ಟೆ ಒಡೆದು ತೋರಿಸಿದರು. ಒಂದು ಆ ಬೆಳಗಿನದು, ಇನ್ನೊಂದು ಆಫೀಸಿನ ಕಿಟಕಿಯ ಬಿಸಿಯಲ್ಲಿ ಹಲವು ದಿನ ಉಳಿದದ್ದು. ಬೆಳಗಿನದರಲ್ಲಿ ಹಳದಿ, ಅರ್ಧ ಲಿಂಬೆಹಣ್ಣು ಮಗುಚಿಟ್ಟಂತೆ ಎದ್ದು ನಿಂತಿತ್ತು. ಸುತ್ತ ಬಿಳಿ ಲೋಳೆ ಗಟ್ಟಿಯಾಗಿ, ಸ್ವಲ್ಪ ಮಬ್ಬಾಗಿ ಕೂತಿತ್ತು. ಹಳೆಯದರ ಲೋಳೆ ನೀರಾಗಿ ಹಲಗೆಯ ಅಂಚಿನವರೆಗೆ ಹರಿಯಿತು, ಹಳದಿ ಚಪ್ಪಟೆಯಾಗಿ ಮಲಗಿತು. ಎರಡರಲ್ಲೂ ವಾಸನೆಯಿಲ್ಲ, ಕೊಳೆತವೂ ಇಲ್ಲ.

ಹಳೆಯದಾಗುವುದು ಬೇರೆ, ಕೆಡುವುದು ಬೇರೆ ಎಂಬುದನ್ನು ಇಲ್ಲೇ ತಿಳಿದುಕೊಳ್ಳಬೇಕು. ಹಳೆಯದಾಗಲು ಸೂಕ್ಷ್ಮಜೀವಿ ಬೇಕಿಲ್ಲ. ತಾಜಾ ಬಿಳಿ ಲೋಳೆಯಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಆ ಮಬ್ಬು ಅದರದೇ. ಕಿಂಡಿಗಳ ಮೂಲಕ ಅದು ಸೋರಿಹೋದಂತೆ ಲೋಳೆ ಕ್ಷಾರವಾಗುತ್ತದೆ, ಪಿಎಚ್ ಸುಮಾರು 7.6ರಿಂದ ಕೆಲವೇ ದಿನಗಳಲ್ಲಿ 9 ದಾಟುತ್ತದೆ. ಕ್ಷಾರ ಏರಿದಂತೆ ಲೋಳೆಯನ್ನು ಗಟ್ಟಿಯಾಗಿ ಹಿಡಿದಿದ್ದ ಓವೊಮ್ಯೂಸಿನ್ ಎಂಬ ಪ್ರೋಟೀನಿನ ಹಿಡಿತ ಸಡಿಲುತ್ತದೆ. ಲೋಳೆಯ ನೀರು ಹಳದಿಯೊಳಕ್ಕೆ ನುಗ್ಗಿ, ಹಳದಿಯ ಚೀಲ ಹಿಗ್ಗಿ, ತೆಳುವಾಗಿ, ಮುಟ್ಟಿದರೆ ಒಡೆಯುವಂತಾಗುತ್ತದೆ. ಗಟ್ಟಿ ಲೋಳೆಯ ಎತ್ತರವನ್ನೂ ಮೊಟ್ಟೆಯ ತೂಕವನ್ನೂ ಸೇರಿಸಿ ತಾಜಾತನಕ್ಕೆ ಅಂಕ ಕೊಡುವ ವಿಧಾನವನ್ನು ರೇಮಂಡ್ ಹಾ ಎಂಬವರು 1937ರಲ್ಲಿ ರೂಪಿಸಿದರು. ಜಗತ್ತಿನ ಮೊಟ್ಟೆ ಉದ್ಯಮ ಇಂದಿಗೂ ಅದನ್ನೇ ಬಳಸುತ್ತಿದೆ. ಈ ಎಲ್ಲ ಬದಲಾವಣೆಯ ವೇಗ ನಿರ್ಧರಿಸುವುದು ಶಾಖ. ಹೊರಗಿಟ್ಟ ಒಂದು ದಿನದಲ್ಲಿ ಮೊಟ್ಟೆಗೆ ಏರುವ ವಯಸ್ಸು, ಫ್ರಿಜ್ಜಿನ ಒಂದು ವಾರದ ವಯಸ್ಸಿಗಿಂತ ಹೆಚ್ಚು ಎಂದು ಕೋಳಿ ಸಾಕಣೆಯವರು ಹೇಳುವುದುಂಟು. ಹೊಸಪೇಟೆಯ ಏಪ್ರಿಲ್ಲಿನಲ್ಲಿ ಆ ಮಾತು ಇನ್ನೂ ಗಟ್ಟಿ.

ಕೊಳೆಯುವುದು ಸೂಕ್ಷ್ಮಜೀವಿಗಳ ಕೆಲಸ, ಮೊಟ್ಟೆ ಅವುಗಳಿಗೆ ಸುಲಭಕ್ಕೆ ಸೋಲುವುದಿಲ್ಲ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಅಚ್ಚರಿಯ ಭಾಗ ಇದು. ಬಿಳಿ ಲೋಳೆಯಲ್ಲಿರುವ ಲೈಸೋಜೈಮ್ ಹಲವು ಬ್ಯಾಕ್ಟೀರಿಯಾಗಳ ಗೋಡೆಯನ್ನೇ ಕರಗಿಸುತ್ತದೆ. ಪೆನಿಸಿಲಿನ್‌ಗಿಂತ ಮುಂಚೆ, 1922ರಲ್ಲಿ, ಅಲೆಕ್ಸಾಂಡರ್ ಫ್ಲೆಮಿಂಗ್ ಜಗತ್ತಿಗೆ ಪರಿಚಯಿಸಿದ ವಸ್ತು ಅದು. ಅವಿಡಿನ್ ಎಂಬ ಇನ್ನೊಂದು ಪ್ರೋಟೀನು ಬಯೋಟಿನ್ ಜೀವಸತ್ವವನ್ನು ಬಿಗಿಹಿಡಿದು ಅವುಗಳನ್ನು ಉಪವಾಸ ಕೆಡವುತ್ತದೆ. ಓವೊಟ್ರಾನ್ಸ್‌ಫೆರಿನ್ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಕಬ್ಬಿಣ ಸಿಗದೆ ಬ್ಯಾಕ್ಟೀರಿಯಾ ಬೆಳೆಯಲಾರದು. ಲೋಳೆ ಕ್ಷಾರವಾದಷ್ಟೂ ಈ ಹಿಡಿತ ಬಿಗಿ. ಮೊಟ್ಟೆಯನ್ನು ಮುದಿಯಾಗಿಸುವ ಕ್ಷಾರವೇ ಅದನ್ನು ಕಾಯುತ್ತಲೂ ಇರುತ್ತದೆ! ಆದರೆ ಹಳದಿಯ ಚೀಲ ತೀರ ಸಡಿಲಾಗಿ ಒಳಗಿನ ಕಬ್ಬಿಣ, ಕೊಬ್ಬು ಹೊರಸೋರಿದ ದಿನ ಕಾವಲು ಮುರಿಯುತ್ತದೆ. ಲೈಸೋಜೈಮಿಗೆ ಜಗ್ಗದ ಸ್ಯೂಡೊಮೊನಾಸ್, ಪ್ರೋಟಿಯಸ್‌ನಂಥವು ಆಗ ಮೇಲೇಳುತ್ತವೆ. ಹಸಿರು ಕೊಳೆತ ಮೊದಲಿನದರದ್ದು, ಕಪ್ಪು ಕೊಳೆತ ಎರಡನೆಯದರದ್ದು. ಆ ಸಹಿಸಲಾಗದ ನಾತ ಗಂಧಕದ ಅನಿಲದ್ದು. ಕಬ್ಬಿಣದಂಶವಿರುವ ನೀರಿನಲ್ಲಿ ತೊಳೆದ ಮೊಟ್ಟೆ ಬೇಗ ಕೊಳೆಯುವುದಕ್ಕೂ ಹೀಗೆ ಸಿಗುವ ಕಬ್ಬಿಣವೇ ಕಾರಣ. ಅದಿರಿನ ಗುಡ್ಡಗಳ ನೆರಳಲ್ಲಿ ನಿಂತು ಕೇಳಿದ್ದರಿಂದಲೋ ಏನೋ, ಈ ಸಂಗತಿ ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿಯಿತು.

ಪೇಟೆಯ ಸಗಟು ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಹುಡುಗನೊಬ್ಬ ಮೊಬೈಲ್ ಟಾರ್ಚ್ ಮೇಲೆ ಒಂದೊಂದೇ ಮೊಟ್ಟೆ ಇಟ್ಟು ತಿರುಗಿಸಿ ನೋಡುತ್ತಿದ್ದ. ಹಿಂದೆ ಮೇಣದಬತ್ತಿಯಲ್ಲಿ ನಡೆಯುತ್ತಿದ್ದ ಪರೀಕ್ಷೆ ಇದು. ಚಿಪ್ಪಿನ ಬಿರುಕು, ರಕ್ತದ ಚುಕ್ಕೆ, ಗಾಳಿಗೂಡಿನ ಆಳ, ಎಲ್ಲವೂ ಬೆಳಕಿನಲ್ಲಿ ಕಾಣುತ್ತವೆ. ನೀರು ಆರಿದಂತೆ ಗಾಳಿಗೂಡು ಹಿಗ್ಗುತ್ತದೆ. ಆಗ್‌ಮಾರ್ಕ್ ‘ಎ’ ದರ್ಜೆಗೆ ಅದರ ಆಳ 4 ಮಿಲಿಮೀಟರ್ ಮೀರುವಂತಿಲ್ಲ. ನಾಟಿ ಮೊಟ್ಟೆಯ ಬುಟ್ಟಿಯಿಂದ ಒಂದನ್ನು ಆತ ಬೆಳಕಿಗೆ ಹಿಡಿದಾಗ ಒಳಗೆ ತೆಳು ಕೆಂಪು ಉಂಗುರ ಕಂಡಿತು. ಹಳ್ಳಿಯಲ್ಲಿ ಹುಂಜ ಜೊತೆಗಿರುತ್ತದೆ, ಮೊಟ್ಟೆಯಲ್ಲಿ ಅಂಕುರವಿರುತ್ತದೆ. ಸುಮಾರು 21 ಡಿಗ್ರಿ ದಾಟಿದರೆ ಅದು ಮೆಲ್ಲಗೆ ಬೆಳೆಯತೊಡಗುತ್ತದೆ. ಇಲ್ಲಿಯ ಬೇಸಿಗೆಯ ಶಾಖ ಕಾವು ಕೊಟ್ಟಷ್ಟೇ ಇರುತ್ತದೆ. ಅರ್ಧ ಬೆಳೆದು ಸತ್ತ ಅಂಕುರ ಮೊಟ್ಟೆಯನ್ನು ಬೇಗ ಕೆಡಿಸುತ್ತದೆ. ನಾಟಿ ಮೊಟ್ಟೆ ಒಳ್ಳೆಯದೆಂದು ಹೆಚ್ಚು ಬೆಲೆ ಕೊಟ್ಟು ಕೊಳ್ಳುವವರು ಬೇಸಿಗೆಯಲ್ಲಿ ಇದನ್ನು ನೆನಪಿಡಬೇಕು.

ಅಂಗಡಿಯ ಮುಂದೆ ಒಂದು ತೆರೆದ ಪಿಕಪ್ ನಿಂತಿತ್ತು, ಟ್ರೇಗಳ ಮೇಲೆ ನೇರ ಬಿಸಿಲು. ಫಾರಂನಲ್ಲಿ ಒದ್ದೆ ಗೋಣಿ ಕಟ್ಟಿ ಕಾಪಾಡಿದ್ದನ್ನು ರಸ್ತೆಯ ಕೆಲವೇ ಗಂಟೆಗಳು ಕಳೆಯುತ್ತವೆ. ಒಂದು ತಾಡಪಾಲಿನ ಖರ್ಚಲ್ಲಿ ಆಗುವ ಕೆಲಸ ಇದು, ಆಗದಿರುವುದಕ್ಕೆ ನನಗೆ ಸಿಟ್ಟಿದೆ. ಕಿರಾಣಿ ಅಂಗಡಿಯವರದು ಬೇರೆ ತಪ್ಪು: ರಾತ್ರಿ ಫ್ರಿಜ್ಜಿನಲ್ಲಿ, ಹಗಲು ಹೊರಗೆ. ತಣ್ಣನೆಯ ಚಿಪ್ಪಿನ ಮೇಲೆ ಸೆಖೆಯ ಗಾಳಿಯ ತೇವ ಹನಿಗಟ್ಟುತ್ತದೆ, ಆ ಹನಿ ತೊಳೆದಷ್ಟೇ ಹಾನಿ ಮಾಡುತ್ತದೆ. ಫ್ರಿಜ್ಜಿಗೆ ಹೋದ ಮೊಟ್ಟೆ ಅಡುಗೆಗೆ ತೆಗೆಯುವವರೆಗೆ ಅಲ್ಲೇ ಇರಬೇಕು.

ಕೊನೆಗೆ ಹೋದದ್ದು ಒಂದು ಸರ್ಕಾರಿ ಶಾಲೆಯ ಅಡುಗೆಕೋಣೆಗೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದು ಆರಂಭವಾಯಿತು, ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಮುಖ್ಯ ಅಡುಗೆಯವರು ಬೇಯಿಸುವ ಮೊದಲು ಮೊಟ್ಟೆಗಳನ್ನು ನೀರಿನ ಪಾತ್ರೆಗೆ ಬಿಡುತ್ತಾರೆ. ತಳದಲ್ಲಿ ಅಡ್ಡ ಮಲಗಿದ್ದು ಹೊಸತು, ಚೂಪು ತುದಿ ಊರಿ ನಿಂತಿದ್ದು ವಯಸ್ಸಾದದ್ದು, ತೇಲಿದ್ದು ತೀರ ಹಳೆಯದು. ತೇಲಿದ್ದೆಲ್ಲ ಕೊಳೆತಿದೆ ಎಂದಲ್ಲ, ಗಾಳಿಗೂಡು ದೊಡ್ಡದಾಗಿದೆ ಎಂದಷ್ಟೇ ಅರ್ಥ. ಆದರೂ ಮಕ್ಕಳ ತಟ್ಟೆಗೆ ಹಾಕುವುದಿಲ್ಲ ಎಂಬ ಅವರ ನಿಯಮ ಸರಿಯಾದದ್ದು. ಈ ಪರೀಕ್ಷೆಯಲ್ಲೂ ನೀರು ತಾಗುತ್ತದೆ, ಆದ್ದರಿಂದ ತಕ್ಷಣ ಬೇಯಿಸುವುದಿದ್ದರೆ ಮಾತ್ರ ಮಾಡಬೇಕು. “ತೀರಾ ಹೊಸಾ ತತ್ತಿ ಬಂದ್ರೆ ಸುಲಿಯೋಕೇ ಬರಲ್ಲ ಸರ್” ಎಂದರು ಅವರು. ನಿಜ, ಕ್ಷಾರ ಏರದ ಲೋಳೆ ಬೆಂದಾಗ ಒಳಪೊರೆಗೆ ಅಂಟಿಕೊಳ್ಳುತ್ತದೆ. ಬೆಂದ ಹಳದಿಯ ಸುತ್ತ ಕಾಣುವ ಹಸಿರು ಅಂಚಿಗೆ ಹೆದರಬೇಕಿಲ್ಲ. ಹೆಚ್ಚು ಬೇಯಿಸಿದಾಗ ಹಳದಿಯ ಕಬ್ಬಿಣ ಲೋಳೆಯ ಗಂಧಕದೊಡನೆ ಸೇರಿ ಆದದ್ದು ಅದು.

ಬೆಂದ ಮೊಟ್ಟೆ ಹಸಿಯದಕ್ಕಿಂತ ಬೇಗ ಕೆಡುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಕುದಿನೀರು ಹೊರಪೊರೆಯನ್ನು ತೆಗೆಯುತ್ತದೆ, ಲೈಸೋಜೈಮನ್ನೂ ಹಾಳುಮಾಡುತ್ತದೆ, ಕಾಯುವವರು ಯಾರೂ ಉಳಿಯುವುದಿಲ್ಲ. ಮಧ್ಯಾಹ್ನ ಬೇಯಿಸಿದ್ದು ಮಧ್ಯಾಹ್ನವೇ ಮುಗಿಯಬೇಕು. ಹಾಗೆಂದು ಅರೆಬೆಂದದ್ದನ್ನು ಕೊಡುವಂತೆಯೂ ಇಲ್ಲ. ಸಾಲ್ಮೊನೆಲ್ಲಾ ಎಂಬ ರೋಗಕಾರಕ ಬ್ಯಾಕ್ಟೀರಿಯಾದ ಒಂದು ಬಗೆ ಕೋಳಿಯ ಅಂಡಾಶಯದಿಂದಲೇ, ಚಿಪ್ಪು ಮೂಡುವ ಮೊದಲೇ ಒಳಸೇರಬಲ್ಲದು. ಅಂಥ ಮೊಟ್ಟೆ ನೋಡಲು ತಾಜಾ, ವಾಸನೆಯಿಲ್ಲ, ನೀರಲ್ಲಿ ಮುಳುಗುತ್ತದೆ. ಒಳಗಿನ ಆ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಬೆಂಕಿ ಮಾತ್ರ. ಬಿಳಿ, ಹಳದಿ ಎರಡೂ ಗಟ್ಟಿಯಾಗುವವರೆಗೆ ಬೇಯಲೇಬೇಕು.

ಫಾರಂನಿಂದ ಇಲ್ಲಿಯವರೆಗೆ ಹಾದುಬಂದ ಯಾವ ಟ್ರೇಯ ಮೇಲೂ ಮೊಟ್ಟೆ ಇಟ್ಟ ದಿನಾಂಕ ಕಾಣಲಿಲ್ಲ. ಯುರೋಪಿನಲ್ಲಿ ಇಟ್ಟ ದಿನದಿಂದ 28 ದಿನಗಳೊಳಗಿನ ಬಳಕೆ ದಿನಾಂಕ ನಮೂದಿಸಬೇಕು. ನಮ್ಮಲ್ಲಿ ಹಾಲಿನ ಪಾಕೀಟಿಗೆ ದಿನಾಂಕ ನೋಡುವ ಗಿರಾಕಿ ಮೊಟ್ಟೆಗೆ ಕೇಳುವುದೇ ಇಲ್ಲ. ಒಂದೊಂದು ಮೊಟ್ಟೆಗೆ ಮುದ್ರೆ ಒತ್ತುವುದು ಸಣ್ಣ ಫಾರಂಗಳಿಗೆ ಭಾರವಾದೀತು. ಟ್ರೇಯ ಕಟ್ಟಿಗೆ ತಾರೀಕಿನ ಒಂದು ಚೀಟಿ ಅಂಟಿಸುವುದು ಯಾರಿಗೂ ಭಾರವಲ್ಲ. ಶಾಲೆಗಳಿಗೆ ಮೊಟ್ಟೆ ಸರಬರಾಜು ಮಾಡುವವರಿಂದ ಈ ಚೀಟಿಯನ್ನೂ, ಗಾಡಿಗೆ ನೆರಳಿನ ಹೊದಿಕೆಯನ್ನೂ ಶಿಕ್ಷಣ ಇಲಾಖೆ ಕಡ್ಡಾಯವಾಗಿ ಕೇಳಬೇಕು. ಓದುಗರೂ ಈ ವಾರ ಅಂಗಡಿಗೆ ಹೋದಾಗ ಬಿಸಿಲಿಗಿಟ್ಟ ಟ್ರೇ ಬಿಟ್ಟು ಒಳಗೆ ನೆರಳಲ್ಲಿರುವುದನ್ನು ಕೇಳಿ, ಅದು ಫಾರಂನಿಂದ ಯಾವತ್ತು ಬಂತು ಎಂದು ವಿಚಾರಿಸಿ ಕೊಳ್ಳಿ.