ಹೆಸರು ಬದಲಾದರೂ ಹಳೆಯ ವಿಳಾಸ ಉಳಿಯಲಿ

ತಂತ್ರಜ್ಞಾನ ಕ್ಷೇತ್ರದ ಸಣ್ಣ ಸಂಸ್ಥೆಯೊಂದು ಹೊಸ ಹೆಸರು, ಹೊಸ ಲಾಂಛನ ಪಡೆದಾಗ ಅದರ ಅಂತರ್ಜಾಲ ತಾಣವೂ ಹೊಸ ರೂಪ ತಳೆಯುತ್ತದೆ. ಬಣ್ಣ, ಅಕ್ಷರ ವಿನ್ಯಾಸಗಳ ಬಗ್ಗೆ ಸಾಕಷ್ಟು ಚರ್ಚೆ ನಡೆಯುತ್ತದೆ. ಹಳೆಯ ವಿಳಾಸದ ಗತಿಯೇನು ಎಂಬ ಪ್ರಶ್ನೆ ಮಾತ್ರ ಮರೆತುಹೋಗುತ್ತದೆ.

ಪೋತ್ನಾಳ, ಮಾನ್ವಿ ಭಾಗದ ಜನರಿಗೆ ಹೆಸರು ಬದಲಾವಣೆ ಹೊಸತಲ್ಲ. ರಾಯಚೂರು ಜಿಲ್ಲೆಯಲ್ಲಿ ಸೇವೆ ಸಲ್ಲಿಸುತ್ತಿದ್ದ ತುಂಗಭದ್ರಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನಲ್ಲಿ ವಿಲೀನವಾಯಿತು. ಅದು 2013ರಲ್ಲಿ ಪ್ರಗತಿ ಕೃಷ್ಣಾ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಎನಿಸಿತು. ಫಲಕ ಬದಲಾದರೂ ಗ್ರಾಹಕರು ಶಾಖೆಯ ಕಟ್ಟಡವನ್ನು ಗುರುತಿಸಬಲ್ಲರು. ಅಂತರ್ಜಾಲದಲ್ಲಿ ಕಟ್ಟಡವಿಲ್ಲ, ವಿಳಾಸವೇ ಗುರುತು.

ಈ ವಿಳಾಸ ಶಾಶ್ವತ ಆಸ್ತಿಯಲ್ಲ, ಅವಧಿಗೆ ಪಡೆದ ಹಕ್ಕು. ನವೀಕರಿಸದಿದ್ದರೆ ಬೇರೆ ಯಾರಾದರೂ ಅದನ್ನು ಕೊಳ್ಳಬಹುದು. ಆಗ ಹಳೆಯ ಗ್ರಾಹಕರ ಇ-ಮೇಲ್‌ಗಳು ಅಪರಿಚಿತರ ಕೈ ಸೇರುವ, ನಕಲಿ ತಾಣ ತಲೆಯೆತ್ತುವ ಅಪಾಯವಿದೆ.

ಪರಿಹಾರ ಸರಳ. ಹಳೆಯ ಪ್ರತಿ ಪುಟವನ್ನೂ ಅದಕ್ಕೆ ಸರಿಸಮನಾದ ಹೊಸ ಪುಟಕ್ಕೆ ಶಾಶ್ವತವಾಗಿ ತಿರುಗಿಸಬೇಕು. ತಂತ್ರಜ್ಞರು ಇದನ್ನು '301' ಎನ್ನುತ್ತಾರೆ. ಎಲ್ಲವನ್ನೂ ಮುಖಪುಟಕ್ಕೆ ಕಳುಹಿಸಿದರೆ ಓದುಗ ದಾರಿ ತಪ್ಪುತ್ತಾನೆ. ಈ ವ್ಯವಸ್ಥೆ ಕನಿಷ್ಠ 1 ವರ್ಷವಾದರೂ ಇರಲಿ ಎಂಬುದು ಗೂಗಲ್ ಸಲಹೆ. ಹಳೆಯ ವಿಳಾಸದ ನವೀಕರಣವನ್ನಂತೂ ಆ ಬಳಿಕವೂ ನಿಲ್ಲಿಸಬಾರದು.

ವಂಚನೆ ತಡೆಯಲು ರಿಸರ್ವ್ ಬ್ಯಾಂಕ್ 2025ರಲ್ಲಿ ಬ್ಯಾಂಕುಗಳಿಗಾಗಿಯೇ 'ಬ್ಯಾಂಕ್ ಡಾಟ್ ಇನ್' ವಿಳಾಸವನ್ನು ಕಡ್ಡಾಯಗೊಳಿಸಿತು. ಸಣ್ಣ ಸಂಸ್ಥೆಗಳಿಗೆ ಅಂಥ ರಕ್ಷಣೆಯಿಲ್ಲ. ಅವು ತಮ್ಮ ಹಳೆಯ ಬಾಗಿಲನ್ನು ತಾವೇ ಕಾಯಬೇಕು.