ಹೊಲ ಪಂಚಾಯ್ತಿಯಲ್ಲಿದ್ದರೂ ನಕ್ಷೆ ನಗರದ್ದು: ಶೆಡ್ ಕಟ್ಟೋ ಮುಂಚೆ ಇದನ್ನು ಓದಿ

ಈ ವಾರ ಗೊಬ್ಬರ, ಕೀಟದ ಮಾತು ಬಿಟ್ಟು ನಕ್ಷೆಯ ಬಗ್ಗೆ ಮಾತಾಡೋಣ.

2 ವರ್ಷದ ಹಿಂದೆ ತರಕಾರಿ ವಿಂಗಡಿಸಿ ಪ್ಯಾಕ್ ಮಾಡೋಕೆ ಹೊಲದಲ್ಲೊಂದು ಶೆಡ್ ಕಟ್ಟಲು ಹೊರಟೆ. ನಗರದ ಗಡಿ ನಮ್ಮೂರಿಂದ 9 ಕಿ.ಮೀ. ದೂರ. ಪಂಚಾಯ್ತಿಯಲ್ಲಿ ಕೇಳಿದ್ದಕ್ಕೆ 'ಕಟ್ಕೊಳಪ್ಪ' ಅಂದರು. ಕಂಬ ನಿಲ್ಲಿಸಿದ ಮೇಲೆ ನೋಟಿಸ್ ಬಂತು. ಕಳಿಸಿದ್ದು ಯೋಜನಾ ಪ್ರಾಧಿಕಾರ. ಹೋಗಿ ನೋಡಿದರೆ, ಮಾಸ್ಟರ್ ಪ್ಲಾನ್‌ನಲ್ಲಿ ನನ್ನ ಶೆಡ್ ಮೇಲೇ ಉದ್ದೇಶಿತ ರಸ್ತೆಯ ಗೆರೆ!

'ನಾವು ಆ ಊರಿಗೆ ವೋಟ್ ಹಾಕಲ್ಲ, ಕಂದಾಯ ಕಟ್ಟಲ್ಲ. ನಮ್ಮ ಹೊಲದಲ್ಲಿ ಅವರದ್ದೇನು?' ಅಂತ ಅಪ್ಪ ಕೇಳಿದರು.

ಉತ್ತರ ಇರೋದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ. ನಗರದ ಜೊತೆ ಸುತ್ತಲಿನ ಹಳ್ಳಿಗಳನ್ನೂ ಸೇರಿಸಿ ಸರ್ಕಾರ 'ಸ್ಥಳೀಯ ಯೋಜನಾ ಪ್ರದೇಶ' ಘೋಷಿಸಬಹುದು. ಪಂಚಾಯ್ತಿ ಹಾಗೇ ಇರುತ್ತದೆ. ಆದರೆ ಜಮೀನಿನ ಬಳಕೆ, ರಸ್ತೆ, ಕಟ್ಟಡದ ವಿಷಯದಲ್ಲಿ ಮಾಸ್ಟರ್ ಪ್ಲಾನ್ ಹೇಳಿದಂತೆ ನಡೆಯಬೇಕು. ಬೆಂಗಳೂರಿನ ಸುತ್ತ ನೆಲಮಂಗಲ, ಮಾಗಡಿ, ಹೊಸಕೋಟೆ, ಆನೇಕಲ್ ಕಡೆಯ ರೈತರಿಗೆ ಇದು ಗೊತ್ತಿರೋದೇ.

ಇದು ಬರೀ ಕಿರಿಕಿರಿ ಅಲ್ಲ. ನಮ್ಮ ಪಕ್ಕದ ಹೊಲಗಳು ಇನ್ನೂ ಲೇಔಟ್ ಆಗದೆ ಉಳಿದಿರೋದು ಅವು ಹಸಿರು ವಲಯದಲ್ಲಿ ಇರೋದರಿಂದಲೇ.

ತಪ್ಪು ನನ್ನದೂ ಇತ್ತು. ಕರಡು ನಕ್ಷೆ ಪ್ರಕಟವಾದಾಗ ಅಭಿಪ್ರಾಯ ಬರೆದು ಕೊಡಲು 60 ದಿನ ಅವಕಾಶ ಇತ್ತು. ನಾನು ಟೊಮೆಟೊ ಕೊಯ್ಲಿನಲ್ಲಿದ್ದೆ. ಊರಲ್ಲಿ ಒಬ್ಬರೂ ನಕ್ಷೆ ನೋಡಲಿಲ್ಲ.

ನೀವು ಹೀಗೆ ಮಾಡಿ:

• ದಿಶಾಂಕ್ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ಖಚಿತಪಡಿಸಿಕೊಳ್ಳಿ. ಪ್ರಾಧಿಕಾರದ ಕಚೇರಿಗೆ ಹೋಗಿ ಅದು ಯಾವ ವಲಯ, ರಸ್ತೆ ಗುರುತಾಗಿದೆಯಾ ಅಂತ ಕೇಳಿ.

• 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಕೃಷಿ ಕಟ್ಟಡಕ್ಕೆ ಅವಕಾಶ ಕೊಡುತ್ತದೆ. ತೋಟದ ಮನೆ ಹಿಡುವಳಿಯ 10% ಮೀರುವಂತಿಲ್ಲ. ಆದರೆ ಯೋಜನಾ ಪ್ರದೇಶದಲ್ಲಿ ಪ್ರಾಧಿಕಾರದ ಅನುಮತಿಯನ್ನೂ ಕೇಳಿ. ಬಾಯಿಮಾತು ನಂಬಬೇಡಿ, ಬರಹದಲ್ಲೇ ಪಡೆಯಿರಿ.

• ಮಾಸ್ಟರ್ ಪ್ಲಾನ್ ಕನಿಷ್ಠ 10 ವರ್ಷಕ್ಕೊಮ್ಮೆ ಪರಿಷ್ಕರಣೆ ಆಗಬೇಕು. ಕರಡು ಬಂದಾಗ ಸರ್ವೆ ನಂಬರ್, ಬೋರ್‌ವೆಲ್, ಕೃಷಿ ಹೊಂಡ, ಮರಗಳ ವಿವರ ಬರೆದು, ಫೋಟೊ ಲಗತ್ತಿಸಿ ಕೊಡಿ. ಸ್ವೀಕೃತಿ ಮರೆಯಬೇಡಿ.

ನಾನು ಶೆಡ್ಡನ್ನು ಬೇರೆ ಕಡೆ, ಈ ಸಲ ಅನುಮತಿ ಪಡೆದು ಕಟ್ಟಿದೆ. ಪಾಯಕ್ಕೆ ಸುರಿದ 40 ಸಾವಿರ ಹೋಯಿತು. ಹಳೇ ಕಂಬಗಳಿಗೆ ಹೀರೇಬಳ್ಳಿ ಹಬ್ಬಿಸಿದ್ದೇನೆ. ಆ ಗೆರೆ ಮಾತ್ರ ನಕ್ಷೆಯಲ್ಲಿ ಹಾಗೇ ಇದೆ. ಮುಂದಿನ ಕರಡಿಗೆ ಊರವರೆಲ್ಲ ಸೇರಿ ಬರೆಯಲು ಈಗಲೇ ವಾಟ್ಸ್‌ಆ್ಯಪ್ ಗ್ರೂಪ್ ಮಾಡಿಕೊಂಡಿದ್ದೇವೆ. ನೀವೂ ಮಾಡಿ.