ಸಾಫ್ಟ್‌ವೇರ್ ಹೊಸದು, ಗೇರ್ ಯಾಕೆ ಜಗ್ಗುತ್ತಿದೆ?

ಅಬುಧಾಬಿಯಿಂದ ಲಿವಾ ಮರಳುಗಾಡಿಗೆ ಹೋಗುವ ದಾರಿಯಲ್ಲಿದೆ ಮದೀನತ್ ಜಾಯೆದ್. ಇಲ್ಲಿಯ ಕಾರಿಗೆ ಒಂದು ಕಡೆ ತರೀಫ್‌ನತ್ತ ನೆಟ್ಟಗೆ ಚಾಚಿದ ಹೆದ್ದಾರಿ, ಇನ್ನೊಂದು ಕಡೆ ತಲ್ ಮೊರೀಬ್ ದಿಬ್ಬದ ಮರಳು. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಬಿಸಿಲು ಬೇರೆ. ಇಂಥ ಊರಿನಲ್ಲಿ ಸರ್ವಿಸ್‌ಗೆ ಬಿಟ್ಟ ಕಾರು ‘ಸಾಫ್ಟ್‌ವೇರ್ ಅಪ್‌ಡೇಟ್’ ಎಂಬ ಒಂದು ಸಾಲಿನ ಬಿಲ್ಲಿನೊಂದಿಗೆ ಮರಳುತ್ತದೆ. ಮರುದಿನ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಜಗ್ಗುತ್ತದೆ. ಒಂದು ಬೋಲ್ಟನ್ನೂ ಬಿಚ್ಚದೆ ಹೀಗೇಕಾಯಿತು?

ಈಗಿನ ಕಾರುಗಳಲ್ಲಿ ಆಕ್ಸಿಲರೇಟರ್ ಪೆಡಲ್‌ಗೂ ಎಂಜಿನ್‌ಗೂ ನಡುವೆ ಕೇಬಲ್ ಇಲ್ಲ. ಕಾಲು ಒತ್ತಿದರೆ ಅದು ಬರೀ ಕೋರಿಕೆ. ಎಷ್ಟು ಗಾಳಿ, ಎಷ್ಟು ಪೆಟ್ರೋಲ್, ಕಿಡಿ ಯಾವ ಕ್ಷಣಕ್ಕೆ ಎಂಬುದನ್ನು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ತನ್ನೊಳಗಿನ ಕೋಷ್ಟಕಗಳನ್ನು ನೋಡಿ ತೀರ್ಮಾನಿಸುತ್ತದೆ. ಅಪ್‌ಡೇಟ್ ಸಾಮಾನ್ಯವಾಗಿ ಬದಲಿಸುವುದು ಈ ಕೋಷ್ಟಕಗಳನ್ನೇ. ಹಾಗಾಗಿ ಅಷ್ಟೇ ಒತ್ತಿದರೂ ಎಳೆತ ಬೇರೆ ಅನ್ನಿಸಬಹುದು. ಕಾದ ಗಾಳಿ ಒಳಗೆ ಬಂದಾಗ ಇಂಧನ ಅಕಾಲದಲ್ಲಿ ಹೊತ್ತಿ ಎಂಜಿನ್ ‘ನಾಕ್’ ಆಗದಂತೆ ಇಸಿಯು ಕಿಡಿಯನ್ನು ತುಸು ತಡಮಾಡುತ್ತದೆ, ಎಳೆತ ಇಳಿಯುತ್ತದೆ. 95 ಆಕ್ಟೇನ್ ಪೆಟ್ರೋಲ್ ಹಾಕಬೇಕಾದ ಕಾರಿಗೆ ಇ-ಪ್ಲಸ್ 91 ಹಾಕಿದರೂ ಇದೇ ಕಥೆ. ಅಪ್‌ಡೇಟನ್ನು ಬೈಯುವ ಮುಂಚೆ ಯಾವ ಪೆಟ್ರೋಲ್ ಹಾಕಿಸಿದಿರಿ ಎಂದು ನೆನಪು ಮಾಡಿಕೊಳ್ಳಿ.

ಗೇರ್‌ಬಾಕ್ಸಿನ ವಿಷಯ ಇನ್ನೂ ಸೂಕ್ಷ್ಮ. ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಕಂಪ್ಯೂಟರ್ ಆದ ಟಿಸಿಯು ಯಾವ ವೇಗಕ್ಕೆ ಗೇರ್ ಬದಲಿಸಬೇಕು, ಒಳಗಿನ ಕ್ಲಚ್ಚುಗಳಿಗೆ ಎಷ್ಟು ಆಯಿಲ್ ಒತ್ತಡ ಕೊಡಬೇಕು, ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರನ್ನು ಯಾವಾಗ ಲಾಕ್ ಮಾಡಬೇಕು ಎಂದು ನಿರ್ಧರಿಸುತ್ತದೆ. ಕ್ಲಚ್ ಸವೆದಂತೆಲ್ಲ ಒತ್ತಡವನ್ನು ಕೊಂಚ ಕೊಂಚ ಸರಿಹೊಂದಿಸಿಕೊಳ್ಳುತ್ತ, ಅದನ್ನು ನೆನಪಿಟ್ಟುಕೊಳ್ಳುತ್ತದೆ. ಹಲವು ಕಾರುಗಳಲ್ಲಿ ಅಪ್‌ಡೇಟ್ ಆದ ಕೂಡಲೇ ಈ ನೆನಪು ಅಳಿಸಿಹೋಗುತ್ತದೆ. ಗೇರ್‌ಬಾಕ್ಸ್ ತನ್ನ ಸವೆತವನ್ನು ಮತ್ತೆ ಮೊದಲಿನಿಂದ ಅಳೆಯಬೇಕು. ಜಗ್ಗುವಿಕೆಗೆ ಹೆಚ್ಚಾಗಿ ಕಾರಣ ಇದು. ಕಲಿಕೆಗೆ ಬೇಕಾದದ್ದು ಸಮಾಧಾನದ ಓಟ: ಎಲ್ಲ ಗೇರುಗಳೂ ಬದಲಾಗುವಂತೆ, ನಿಂತು ಹೊರಡುವಂತೆ. ಆ ವಾರವೇ ಮರಳಿಗೆ ಇಳಿಯಬೇಡಿ. ಮರಳಲ್ಲಿ ಕನ್ವರ್ಟರ್ ಲಾಕ್ ಆಗದೆ ಆಯಿಲ್ ವಿಪರೀತ ಕಾಯುತ್ತದೆ, ಮಿತಿ ಮೀರಿದರೆ ಟಿಸಿಯು ಎಂಜಿನ್ ಬಲವನ್ನೇ ತಗ್ಗಿಸಬಹುದು.

ಅಪ್‌ಡೇಟ್ ಎಂದರೆ ಸುಧಾರಣೆಯೇ ಎಂದು ಭಾವಿಸಬೇಕಿಲ್ಲ. 2015ರಲ್ಲಿ ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳು ಪರೀಕ್ಷಾ ಕೊಠಡಿಯಲ್ಲಿ ಒಂದು ರೀತಿ, ರಸ್ತೆಯಲ್ಲಿ ಇನ್ನೊಂದು ರೀತಿ ಹೊಗೆ ಬಿಡುವಂತೆ ಸಾಫ್ಟ್‌ವೇರ್ ಬರೆಯಲಾಗಿತ್ತೆಂದು ಬಯಲಾಯಿತು. ಆ ಡಿಸೆಂಬರಿನಲ್ಲಿ ಭಾರತದಲ್ಲೂ ಫೋಕ್ಸ್‌ವ್ಯಾಗನ್ ಸಮೂಹದ 3,23,700 ಕಾರುಗಳ ರಿಕಾಲ್ (ದೋಷ ಸರಿಪಡಿಸಲು ವಾಪಸು ಕರೆಯುವುದು) ಘೋಷಣೆಯಾಯಿತು. ಯುರೋಪಿನ ಕೆಲವು ಮಾಲೀಕರು ಈ ಮೋಸ ಸರಿಪಡಿಸಲು ಹಾಕಿದ ಹೊಸ ಸಾಫ್ಟ್‌ವೇರಿನ ಬಳಿಕ ಎಳೆತ ತಗ್ಗಿತು, ಹೊಗೆಯ ಒಂದಂಶವನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್ ಕೆಟ್ಟಿತು ಎಂದು ದೂರಿದರು. ಹೊಗೆ ಕಡಿಮೆ ಮಾಡಿದ್ದಕ್ಕೆ ಬೇರೆಡೆ ಬೆಲೆ ತೆರಬೇಕಾಗಿ ಬರಬಹುದು.

ಸವೆದ ಕ್ಲಚ್ಚನ್ನು ಸಾಫ್ಟ್‌ವೇರ್ ಗುಣಪಡಿಸುವುದಿಲ್ಲ, ಒಂದಷ್ಟು ದಿನ ಮುಚ್ಚಿಡಬಲ್ಲದು. ಅಮೆರಿಕದಿಂದ ಬಂದ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಇನ್ನೂ ಎಚ್ಚರವಾಗಿರಬೇಕು: ಅದಕ್ಕೂ ಕೊಲ್ಲಿ ದೇಶಗಳಿಗೆಂದು ತಯಾರಾದ ಜಿಸಿಸಿ ಕಾರಿಗೂ ಕೋಷ್ಟಕಗಳು ಬೇರೆಯಿರಬಹುದು, ಸಿಕ್ಕ ಸಾಫ್ಟ್‌ವೇರ್ ಫೈಲ್ ಹಾಕಲು ಗ್ಯಾರೇಜಿನವರಿಗೆ ಬಿಡಬೇಡಿ. ಸಾಫ್ಟ್‌ವೇರ್ ಹಾಕುವಾಗ ಬ್ಯಾಟರಿ ವೋಲ್ಟೇಜ್ ಕುಸಿದರೆ ಇಸಿಯು ಅರ್ಧದಲ್ಲೇ ಸಾಯಬಹುದು. ಹೊರಗಿನ ಪವರ್ ಸಪ್ಲೈ ಜೋಡಿಸುತ್ತಾರೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಸರ್ವಿಸ್‌ಗೆ ಕಾರು ಬಿಡುವಾಗ ಮುಲ್ಕಿಯಾದಲ್ಲಿರುವ (ವಾಹನ ನೋಂದಣಿ ಕಾರ್ಡ್) ಚಾಸಿ ನಂಬರ್ ಕೊಟ್ಟು ಬಾಕಿ ರಿಕಾಲ್ ಇದೆಯೇ ವಿಚಾರಿಸಿ. ಹಳೆಯ, ಹೊಸ ಸಾಫ್ಟ್‌ವೇರ್ ಆವೃತ್ತಿಗಳ ಸಂಖ್ಯೆ ಬಿಲ್ಲಿನಲ್ಲಿ ಬರೆಸಿ, ಗೇರ್‌ಬಾಕ್ಸ್ ಕಲಿಕೆಯ ಪ್ರಕ್ರಿಯೆ ಮಾಡಿದ್ದಾರೆಯೇ ಕೇಳಿ. ಕೆಲವು ವಾರಗಳ ಸಾಮಾನ್ಯ ಓಟದ ನಂತರವೂ ಜಗ್ಗಿದರೆ, ಅಥವಾ ಅದಕ್ಕೂ ಮೊದಲೇ ಎಚ್ಚರಿಕೆ ದೀಪ ಹೊತ್ತಿದರೆ, ಸುಟ್ಟ ವಾಸನೆ ಬಂದರೆ, ವಾರಂಟಿ ಮುಗಿಯುವ ಮೊದಲೇ ದೂರನ್ನು ಬರೆದುಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಿ.